ತಾತ್ಕಾಲಿಕವಾಗಿ ಬಾಲರಹಿತ

೧೯೭೯ನೇ ಇಸವಿಯ ಜೂನ್ ತಿಂಗಳಲ್ಲಿ ತುರುವೇಕೆರೆಯಲ್ಲಿ ಸಲಮಾಂಡರ್ ಸಮೀಕ್ಷಾ ಉಪಕಚೇರಿ ಪ್ರಾರಂಭವಾಯಿತು. ತುರುವೇಕೆರೆ ಸೀಮೆಯಲ್ಲಿ ಸಲಮಾಂಡರ್ ಎಂಬ ಪ್ರಾಣಿ ಇಲ್ಲ. ಈ ಎರಡು ಸಂಗತಿಗಳಿಗೂ ಒಂದಕ್ಕೊಂದು ಸಂಬಂಧವಿಲ್ಲವೆಂದು ಕಚೇರಿ ಭಾವಿಸಿತ್ತು.

ಕಚೇರಿ ಇದ್ದದ್ದು ಒಂದು ಕೊಬ್ಬರಿ ಮಂಡಿಯ ಮಹಡಿಯ ಮೇಲೆ. ಒಂದು ಮೇಜು, ಎರಡು ಕುರ್ಚಿ, ಗೋಡೆಯ ಮೇಲೆ ಹಲ್ಲಿಯಂಥ ಐದು ಪ್ರಾಣಿಗಳ ಬಣ್ಣದ ಪಟ. ಅಧೀಕ್ಷಕರಾಗಿ ಬಂದವರು ಶಂಭುಲಿಂಗಯ್ಯ. ಇಪ್ಪತ್ತೆರಡು ವರ್ಷ ಬೀದರ, ರಾಯಚೂರು ಸುತ್ತಿದ ಮೇಲೆ ಅವರಿಗೆ ಮೊದಲ ಸಲ ಸ್ವಂತ ಮನೆಯಲ್ಲಿ ಮಲಗಿ ಎದ್ದು ಕೆಲಸಕ್ಕೆ ಬರುವ ಯೋಗ ಒದಗಿತ್ತು. ಮನೆ ತಿಪಟೂರಿನಲ್ಲಿ; ಇಬ್ಬರು ಹೆಣ್ಣುಮಕ್ಕಳು ಅಲ್ಲೇ ಕಾಲೇಜಿಗೆ ಹೋಗುತ್ತಿದ್ದರು. ಆದರೆ ಜುಲೈನಲ್ಲಿ ಮೇಲಿನಿಂದ ಸುತ್ತೋಲೆ ಬಂತು: ಡಿಸೆಂಬರ್ ಅಂತ್ಯದೊಳಗೆ ಕನಿಷ್ಠ ಒಂದು ಸಲಮಾಂಡರ್ ಕುಟುಂಬ ಪತ್ತೆಯಾಗದಿದ್ದಲ್ಲಿ ಉಪಕಚೇರಿಯನ್ನು ಮುಚ್ಚಿ, ಅಧೀಕ್ಷಕರನ್ನು ಬೀದರಕ್ಕೆ ಮರಳಿಸತಕ್ಕದ್ದು. 'ಇಲ್ಲ' ಎಂಬ ವರದಿಯನ್ನು ವರದಿಯೆಂದು ಪರಿಗಣಿಸತಕ್ಕದ್ದಲ್ಲ.

ಶಂಭುಲಿಂಗಯ್ಯನವರು ಸೋರೆಕಾಯಿಪಾಳ್ಯದ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳುತ್ತಿದ್ದ ಗಿರಿಜಾಂಬಿಕಾ ಅವರನ್ನು ಗೌರವ ತಜ್ಞೆಯೆಂದು ನೇಮಿಸಿದರು. ಆಕೆ ಮದುವೆಯಾಗದ, ನಲವತ್ತು ಸಮೀಪಿಸಿದ ಹೆಂಗಸು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಅಭ್ಯಾಸವಿದ್ದುದರಿಂದ ಎರಡು ಊರುಗಳಿಂದ ವರ್ಗವಾಗಿ ಬಂದಿದ್ದರು. ಎಂಟು ದಿನ ಪುಸ್ತಕ ನೋಡಿ ನಾಲ್ಕು ಪುಟದ ಟಿಪ್ಪಣಿ ಬರೆದುಕೊಟ್ಟರು. ಸಲಮಾಂಡರಿಗೆ ಹಲ್ಲಿಯ ಹಾಗೆ ಹುರುಪೆಯಿಲ್ಲ, ಉಗುರಿಲ್ಲ. ಮೈ ಸದಾ ಒದ್ದೆ. ನಾಲ್ಕು ಕಾಲು, ಒಂದು ಬಾಲ. ಮುಂಗಾಲಿಗೆ ಸಾಮಾನ್ಯವಾಗಿ ನಾಲ್ಕೇ ಬೆರಳು. ಒಂದು ಕುಟುಂಬಕ್ಕೆ ಶ್ವಾಸಕೋಶವೇ ಇಲ್ಲ, ಚರ್ಮದಲ್ಲಿ ಉಸಿರಾಡುತ್ತದೆ. ಇನ್ನೊಂದು ಸಾಯುವ ತನಕ ಕಿವಿರು ಇಟ್ಟುಕೊಂಡು ನೀರಲ್ಲೇ ಇರುತ್ತದೆ. ಮತ್ತೊಂದು ನೆಲದೊಳಗೆ ಬಿಲದಲ್ಲಿ.

"ಬಹಳ ಚೆನ್ನಾಗಿದೆ ಮೇಡಂ. ಕೊನೇ ವಾಕ್ಯ ಒಂದು ತೆಗೆದುಬಿಡಿ," ಎಂದರು ಶಂಭುಲಿಂಗಯ್ಯ.

ಕೊನೆಯ ವಾಕ್ಯದಲ್ಲಿ, ನಮ್ಮ ದೇಶದಲ್ಲಿ ಈ ಪ್ರಾಣಿ ಸಿಗುವುದು ಡಾರ್ಜಿಲಿಂಗ್ ಕಡೆಯ ಬೆಟ್ಟಸೀಮೆಯಲ್ಲಿ, ತುರುವೇಕೆರೆಯಲ್ಲಿ ಅಲ್ಲ ಎಂದಿತ್ತು.

"ಅದೇ ಸಾರ್ ಮುಖ್ಯವಾದ ವಾಕ್ಯ."

"ಮುಖ್ಯವಾದ್ದರಿಂದಲೇ ಹೇಳ್ತಿರೋದು."

ವಾಕ್ಯವನ್ನು ಕಚೇರಿಯೇ ತೆಗೆಯಿತು. ಜವಾನ ಮಾಯಣ್ಣ ಹುಡುಕಲು ಹೊರಟ. ಹಲ್ಲಿ ತಂದ, ಹಾವುರಾಣಿ ತಂದ, ಬೇಲಿಯ ಓತಿಕ್ಯಾತ ತಂದ. ಗಿರಿಜಾಂಬಿಕಾ ಒಂದೊಂದಕ್ಕೂ ಹುರುಪೆ ತೋರಿಸಿ, ಉಗುರು ತೋರಿಸಿ ವಾಪಸು ಕಳಿಸಿದರು. ನವೆಂಬರಿನಲ್ಲಿ ಆತ ಒಂದು ಗಾಜಿನ ಬಾಟಲಿ ತಂದು ಮೇಜಿನ ಮೇಲಿಟ್ಟ. ಸೋರೆಕಾಯಿಪಾಳ್ಯದ ಹೊಂಬಾಳಮ್ಮನ ಬಾವಿಯದು. ನಾಲ್ಕು ಕಾಲು ಇತ್ತು, ಬಾಲ ಇತ್ತು, ಮೈ ಒದ್ದೆ ಇತ್ತು, ಮುಂಗಾಲಿಗೆ ನಾಲ್ಕೇ ಬೆರಳು.

"ಇದು ಕಪ್ಪೆ ಮರಿ ಸಾರ್. ಗೊದಮೊಟ್ಟೆಗೆ ಕಾಲು ಬಂದಿದೆ ಅಷ್ಟೆ. ಇನ್ನು ಹತ್ತು ದಿನಕ್ಕೆ ಬಾಲ ಕರಗಿಹೋಗುತ್ತೆ."

"ಇವತ್ತು ಇದೆಯೋ ಇಲ್ಲವೋ?"

"ಇವತ್ತು ಇದೆ."

"ವರದಿ ಇವತ್ತಿಂದು ಮೇಡಂ. ಕರಗೋದು ಮುಂದಿನ ತ್ರೈಮಾಸಿಕದ ವಿಷಯ."

ಹೀಗೆ ತಾಲ್ಲೂಕಿನ ಮೊದಲ ಸಲಮಾಂಡರ್ ಕುಟುಂಬ ಅಧಿಕೃತವಾಗಿ ದಾಖಲಾಯಿತು. ಶಂಭುಲಿಂಗಯ್ಯನವರು ಆ ಸಂಜೆ ಮಕ್ಕಳಿಗೆ ಮೈಸೂರುಪಾಕು ಕೊಂಡು ತಿಪಟೂರಿನ ಬಸ್ಸು ಹತ್ತಿದರು.

ಹದಿನೈದು ದಿನಕ್ಕೆ ಹೊಂಬಾಳಮ್ಮನ ಮನೆಗೆ ನೋಟೀಸು ಬಂತು. ನಿಯಮ ಹನ್ನೊಂದರ ಪ್ರಕಾರ, ಸಲಮಾಂಡರ್ ಕುಟುಂಬ ವಾಸವಿರುವ ಜಲಮೂಲವನ್ನು ಸದರಿ ಕುಟುಂಬದ ಸದಸ್ಯರಲ್ಲದೆ ಅನ್ಯರು ಬಳಸಕೂಡದು. ಮಾಯಣ್ಣ ಪಂಪಿನ ಮೋಟಾರಿನ ಸ್ವಿಚ್ಚಿಗೆ ಕಾಗದ ಅಂಟಿಸಿ ಅರಗಿನ ಮುದ್ರೆ ಒತ್ತಿದ. ಹೊಂಬಾಳಮ್ಮ ಅವನಿಗೆ ಒಂದು ಎಳನೀರು ಕೆತ್ತಿಕೊಟ್ಟು, "ಕಪ್ಪೆಗೇನ್ಲಾ ನಾನು ತೊಂದ್ರೆ ಕೊಟ್ಟೆ?" ಎಂದು ಕೇಳಿದಳು.

"ಕಪ್ಪೆ ಅನ್ನಬ್ಯಾಡ ಕಣವ್ವ. ಅದು ಈಗ ಸರ್ಕಾರದ್ದು."

ಹೊಂಬಾಳಮ್ಮನದು ತೊಂಬತ್ತಾರು ತೆಂಗಿನ ಮರ. ಗಂಡ ತೀರಿಹೋದ ವರ್ಷ ನೆಟ್ಟವು. ಮೋಟಾರು ಬರುವ ಮುಂಚೆ ನಾಲ್ಕು ಬೇಸಿಗೆ ಸೊಂಟದ ಮೇಲೆ ಬಿಂದಿಗೆ ಹೊತ್ತು ಬದುಕಿಸಿದವು. ಸಂಕ್ರಾಂತಿ ಕಳೆಯುವ ಹೊತ್ತಿಗೆ ಎಳೆಗಾಯಿ ಉದುರತೊಡಗಿದವು. ಫೆಬ್ರವರಿಯಲ್ಲಿ ಗರಿಗಳು ಒಂದೊಂದಾಗಿ ಜೋತುಬಿದ್ದವು. ಆಕೆ ಬೆಳಿಗ್ಗೆ ಎದ್ದು ಬಾವಿಯ ಕಟ್ಟೆಯ ಮೇಲೆ ಕುಳಿತು ತುಂಬಿದ ನೀರನ್ನು ನೋಡುತ್ತಿದ್ದಳು. ಒಳಗೆ ಕಪ್ಪೆಗಳು ವಟಗುಟ್ಟುತ್ತಿದ್ದವು.

ತೋಟದ ಮೂಲೆಯ ಕೋಣೆಯಲ್ಲಿ ಬಾಡಿಗೆಗಿದ್ದ ಗಿರಿಜಾಂಬಿಕಾ ಇದನ್ನು ದಿನವೂ ಕಂಡರು. ಬಾವಿಯಲ್ಲಿರುವ ಯಾವ ಪ್ರಾಣಿಗೂ ಈಗ ಬಾಲವಿಲ್ಲವೆಂದು ಉಪಕಚೇರಿಗೆ ಬರೆದರು. ಶಂಭುಲಿಂಗಯ್ಯ ಒಂದು ವಾರ ಯೋಚಿಸಿ ಷರಾ ಹಾಕಿದರು: 'ಸದರಿ ಕುಟುಂಬವು ತಾತ್ಕಾಲಿಕವಾಗಿ ಬಾಲರಹಿತವಾಗಿದೆ. ಬಾಲವಿಲ್ಲದಿರುವುದು ಸಲಮಾಂಡರ್ ಅಲ್ಲವೆಂಬುದಕ್ಕೆ ಸಾಕ್ಷಿಯಾಗುವುದಿಲ್ಲ.' ಈ ಷರಾ ಮೇಲಿನವರಿಗೆ ಎಷ್ಟು ಹಿಡಿಸಿತೆಂದರೆ ಅದನ್ನು ಎಲ್ಲ ಉಪಕಚೇರಿಗಳಿಗೂ ಕಳಿಸಿದರು. ಜೊತೆಗೆ ತುರುವೇಕೆರೆಯ ಗುರಿಯನ್ನು ಒಂದರಿಂದ ನಲವತ್ತಕ್ಕೆ ಏರಿಸಿದರು. ಗಡುವು ಮಾರ್ಚ್ ಮೂವತ್ತೊಂದು. ಶಂಭುಲಿಂಗಯ್ಯ ಆ ದಿನ ಊಟ ಮಾಡಲಿಲ್ಲ.

ಮಾರ್ಚ್ ಮೊದಲ ವಾರ ಹೊಂಬಾಳಮ್ಮ ಬಸ್ಸು ಹತ್ತಿ ಮಹಡಿ ಮೆಟ್ಟಿಲೇರಿ ಬಂದಳು. ಜೊತೆಗೆ ಗಿರಿಜಾಂಬಿಕಾ.

"ಕುಟುಂಬದೋರು ನೀರು ಎತ್ತಬೋದು ಅಂತ ಬರ್ದಿದ್ದೀರಲ್ಲ ಸಾಮಿ, ಕುಟುಂಬ ಅಂದ್ರೆ ಯಾರ್ಯಾರು?"

ಶಂಭುಲಿಂಗಯ್ಯ ನಿಯಮಾವಳಿ ತಿರುವಿದರು. ಕುಟುಂಬವೆಂದರೇನೆಂದು ಎಲ್ಲೂ ಹೇಳಿರಲಿಲ್ಲ. "ಲಕ್ಷಣ ಹೊಂದಬೇಕು, ವಾಸಸ್ಥಳ ಹೊಂದಬೇಕು. ತಜ್ಞರು ದೃಢೀಕರಿಸಬೇಕು. ಅಷ್ಟೇ ಇರೋದು."

"ಹಂಗಾದ್ರೆ ನನ್ನ ನೋಡಿ ಬರ್ಕಳಿ."

ಶಂಭುಲಿಂಗಯ್ಯ ಆಕೆಯನ್ನು ನೋಡಿದರು, ಆಮೇಲೆ ಗೋಡೆಯ ಪಟ ನೋಡಿದರು, ಆಮೇಲೆ ಕ್ಯಾಲೆಂಡರ್ ನೋಡಿದರು. ನಮೂನೆ ತೆಗೆದು ಪೆನ್ನಿನ ಟೋಪಿ ಬಿಚ್ಚಿದರು.

"ಹುರುಪೆ?"

"ಇಲ್ಲ," ಎಂದರು ಗಿರಿಜಾಂಬಿಕಾ.

"ಚರ್ಮ?"

ಮಾರ್ಚಿನ ಬಿಸಿಲಲ್ಲಿ ಬಂದ ಹೊಂಬಾಳಮ್ಮ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. "ಒದ್ದೆ," ಎಂದು ಶಂಭುಲಿಂಗಯ್ಯ ಬರೆದುಕೊಂಡರು.

"ಮುಂಗಾಲಿನ ಬೆರಳು?"

ಆಕೆ ಎಡಗೈ ಮೇಜಿನ ಮೇಲಿಟ್ಟಳು. ಕೊಬ್ಬರಿ ಒಡೆಯುವಾಗ ಮಚ್ಚು ಜಾರಿ ಕಿರುಬೆರಳು ಹೋಗಿತ್ತು. ನಾಲ್ಕೇ ಇದ್ದವು.

"ಶ್ವಾಸಕೋಶ?"

"ಉಬ್ಬಸ ಸಾಮಿ. ಇದ್ದೂ ಇಲ್ದಂಗೆ."

"ವಾಸಸ್ಥಳ ಬಾವಿಯ ದಡ. ಬಾಲ..." ಶಂಭುಲಿಂಗಯ್ಯ ತಮ್ಮದೇ ಷರಾ ನೋಡಿಕೊಂಡು ತುಂಬಿದರು: ತಾತ್ಕಾಲಿಕವಾಗಿ ಇಲ್ಲ.

ಗಿರಿಜಾಂಬಿಕಾ ಪೆನ್ನು ತೆಗೆದುಕೊಂಡು ನಮೂನೆಯನ್ನು ಮೊದಲಿನಿಂದ ಓದಿದರು. ಹದಿನೈದು ವರ್ಷ ಮಕ್ಕಳ ಉತ್ತರಪತ್ರಿಕೆಯಲ್ಲಿ ಇಂಥದ್ದಕ್ಕೆ ಸೊನ್ನೆ ಹಾಕಿದ ಕೈ ಅದು. ಹೊಂಬಾಳಮ್ಮ ಕಿಟಕಿಯಾಚೆ ಯಾರದೋ ತೋಟದ ಹಸಿರು ಗರಿಗಳನ್ನು ನೋಡುತ್ತಿದ್ದಳು. ಗಿರಿಜಾಂಬಿಕಾ ಸಹಿ ಹಾಕಿದರು.

ಅಂದು ಸಂಜೆ ಮಾಯಣ್ಣ ಅರಗು ಒಡೆದ. ಮೋಟಾರು ಓಡಿತು. ತೊಂಬತ್ತಾರರಲ್ಲಿ ಎಂಬತ್ತೊಂಬತ್ತು ಮರ ಉಳಿದವು.

ಇದರ ಸುದ್ದಿ ಹರಡಲು ಬಹಳ ದಿನ ಹಿಡಿಯಲಿಲ್ಲ. ಯಾವಾಗ ತಮ್ಮ ಬಾವಿಗೂ ಮುದ್ರೆ ಬೀಳುವುದೋ ಎಂದು ಅಂಜಿದ ರೈತರು ಮುಂಚಿತವಾಗಿಯೇ ಅರ್ಜಿ ಹಾಕಿದರು. ಮಣ್ಣು ಹೊರುವ ತಿಮ್ಮಯ್ಯನನ್ನು ಬಿಲವಾಸಿ ಕುಟುಂಬಕ್ಕೂ, ದಿನವಿಡೀ ಕೆರೆಯಲ್ಲಿ ಬಟ್ಟೆ ಒಗೆಯುವ ಅಂಕಮ್ಮನನ್ನು ಕಿವಿರಿನ ಕುಟುಂಬಕ್ಕೂ ಸೇರಿಸಲಾಯಿತು. ಮಾರ್ಚ್ ಮೂವತ್ತೊಂದಕ್ಕೆ ಇನ್ನೂರ ಹದಿನಾರು ಕುಟುಂಬಗಳಾದವು. ಏಪ್ರಿಲ್‌ನಲ್ಲಿ ಮೇಲಧಿಕಾರಿಯೊಬ್ಬರು ತಪಾಸಣೆಗೆ ಬಂದು, ಸಾಲಾಗಿ ನಿಂತವರನ್ನು ಜೀಪಿನಲ್ಲಿ ಕುಳಿತೇ ನೋಡಿ, "ಒಳ್ಳೇ ಪುಷ್ಟಿಯಾಗಿವೆ," ಎಂದರು. ಉಪಕಚೇರಿ ಕಾಯಂ ಆಯಿತು.

ಇಷ್ಟಾದ ಮೇಲೆ ದಫ್ತರು ಪರಿಶೀಲಿಸಿದಾಗ ಒಂದು ಲೋಪ ಕಂಡಿತು. ಗಿರಿಜಾಂಬಿಕಾ ಸಂರಕ್ಷಿತ ಬಾವಿಯಿಂದ ದಿನಕ್ಕೆ ನಾಲ್ಕು ಕೊಡ ನೀರು ಸೇದುತ್ತಿದ್ದರು. ಅವರು ಯಾವ ಕುಟುಂಬಕ್ಕೂ ಸೇರಿರಲಿಲ್ಲ. ತಜ್ಞರು ತಮ್ಮನ್ನು ತಾವೇ ದೃಢೀಕರಿಸಿಕೊಳ್ಳುವಂತಿಲ್ಲವಾದ್ದರಿಂದ, ಬಾವಿಯ ಕುಟುಂಬದ ಹಿರಿಯ ಸದಸ್ಯರಿಗೆ ಆ ಅಧಿಕಾರ ಕೊಡಲಾಯಿತು.

ಭಾನುವಾರ ಬೆಳಿಗ್ಗೆ ಇಬ್ಬರೂ ಬಾವಿಯ ಕಟ್ಟೆಯ ಮೇಲೆ ನಮೂನೆ ಹಿಡಿದು ಕುಳಿತರು.

"ಕೈ ತೋರ್ಸಿ ಮೇಡಮ್ಮೋರೆ."

ಗಿರಿಜಾಂಬಿಕಾ ಎಡಗೈ ಚಾಚಿದರು. ಹೊಂಬಾಳಮ್ಮ ನಿಧಾನವಾಗಿ ಎಣಿಸಿದಳು, ಇನ್ನೊಮ್ಮೆ ಎಣಿಸಿದಳು. ಆಮೇಲೆ ಅವರ ಹೆಬ್ಬೆರಳನ್ನು ಮೆಲ್ಲಗೆ ಅಂಗೈಯೊಳಕ್ಕೆ ಮಡಿಸಿದಳು.

"ನಾಕು. ಬರ್ಕಳಿ."

ಗಿರಿಜಾಂಬಿಕಾ ಬಲಗೈಯಲ್ಲಿ, ತಮ್ಮ ದುಂಡನೆಯ ಅಕ್ಷರದಲ್ಲಿ, ನಾಲ್ಕು ಎಂದು ಬರೆದರು. ಹೊಂಬಾಳಮ್ಮ ಹೆಬ್ಬೆಟ್ಟು ಒತ್ತಿದಳು. ಮಸಿ ಒಣಗುವ ತನಕ ಗಿರಿಜಾಂಬಿಕಾ ಹೆಬ್ಬೆರಳು ಮಡಿಸಿಕೊಂಡೇ ಕುಳಿತಿದ್ದರು. ಆಮೇಲೆ ಎದ್ದು ಕೊಡ ಇಳಿಬಿಟ್ಟರು.