ಬೀದಿಗೆ ಓಡಿದ ನಾಯಕ

ನಾನು ಓದು ನಿಲ್ಲಿಸಿದ್ದು ೧೯೪೮ರಲ್ಲಿ, ಎಂಟನೆಯ ತರಗತಿಯ ನಡುವೆ. ಅಂದಿನಿಂದ ಬಂಗಾರಪೇಟೆಯಲ್ಲಿ ಹೊಲಿಗೆ ಯಂತ್ರ ತುಳಿದು, ಯಾರ ಹಂಗೂ ಇಲ್ಲದೆ ಉಂಡವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಕಥೆ ಬರೆಯುವುದು ಓದಿದವರಿಗೇ ಮೀಸಲು ಎಂದು ನಮ್ಮ ಕಡೆ ಒಂದು ನಂಬಿಕೆಯಿದೆ. ನನ್ನ ಮಟ್ಟಿಗೆ ಕಥೆಯೂ ಅಂಗಿಯೂ ಒಂದೇ. ಅಳತೆ ಸರಿಯಾಗಿ ಹಿಡಿದರೆ ಮನುಷ್ಯ ಅದರೊಳಗೆ ತಾನಾಗಿ ಕೂರುತ್ತಾನೆ. ಆದರೆ ವಾರಪತ್ರಿಕೆಯವರು ನನ್ನ ಕಥೆಗಳನ್ನು ಹೋದ ದಾರಿಯಲ್ಲೇ ವಾಪಸ್ಸು ಕಳಿಸುತ್ತಿದ್ದರು. ‘ಪಾತ್ರಗಳಿಗೆ ಜೀವವಿಲ್ಲ’ ಎಂದು ಒಂದು ಸಾಲು ಬೇರೆ. ನನ್ನ ನಾಯಕರೋ ಎತ್ತರದ ಆಳುಗಳು, ಗುಂಗುರು ಕೂದಲಿನವರು, ಸತ್ತರೂ ಸುಳ್ಳು ಹೇಳದವರು. ಇನ್ನೆಂಥ ಜೀವ ಬೇಕು? ಹೆಂಡತಿ ರತ್ನಮ್ಮನನ್ನು ಕೇಳಿದೆ. “ಅಂಥೋನು ನಮ್ಮ ಬೀದೀಗೆ ಬಂದ್ರೆ ನಾಯಿ ಬೊಗಳ್ತದೆ, ಕಂಡ ಮುಖ ಅಲ್ಲಾಂತ” ಎಂದಳು.

ರೋಷ ಉಕ್ಕಿತು. “ಇನ್ನೊಂದೇ ಕಥೆ. ಅದೂ ವಾಪಸ್ಸು ಬಂದರೆ ಪೆನ್ನು ಮುಟ್ಟೋದಿಲ್ಲ” ಎಂದುಬಿಟ್ಟೆ. ಆಡಿದ ಮಾತಿಗೆ ತಪ್ಪುವವನಲ್ಲ ನಾನು; ಅದೇ ತೊಂದರೆ. ಯಂತ್ರ ತುಳಿಯುವಾಗ ತಲೆಯೊಳಗೆ ಓಡಾಡುವ ಜನರನ್ನು ಕಳೆದುಕೊಂಡರೆ, ಉಳಿಯುವುದು ಊರವರ ಕಂಕುಳು ಕತ್ತಿನ ಅಳತೆ ಮಾತ್ರ.

ಈ ಸಲ ಕಂಡ ಮುಖವನ್ನೇ ಹಿಡಿದೆ. ನನ್ನ ಮಾವ ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿಯಲ್ಲಿ, ನೆಲದಡಿಯಲ್ಲಿ ಮರದ ಆಸರೆ ನಿಲ್ಲಿಸುವ ಕೆಲಸದವರು. ಅವರ ಮೀಸೆ, ಕೆಮ್ಮು, ಬೀಡಿಯನ್ನು ಕಿವಿಯ ಮೇಲಿಡುವ ರೀತಿ, ಯಾವುದನ್ನೂ ಬಿಡಲಿಲ್ಲ. ಆಳದಲ್ಲಿ ಬಂಡೆ ಸಿಡಿದರೆ ಅಲ್ಲಿಯ ಮನೆಗಳೆಲ್ಲ ನಡುಗುತ್ತವೆ. ಅದಕ್ಕೆ ಬರ್ಸ್ಟು ಎನ್ನುತ್ತಾರೆ. ಕಥೆಯ ಕೊನೆಗೆ ಅಂಥದೊಂದು ಬರ್ಸ್ಟು ಇಟ್ಟು, ನಾಯಕ ಮಗುವನ್ನು ಎದೆಗವಚಿಕೊಂಡು ಬೀದಿಗೆ ಧಾವಿಸುವಂತೆ ಮಾಡಿದೆ. ಬರೆಯುತ್ತಾ ನನಗೇ ಕಣ್ಣು ತುಂಬಿತು.

ಭಾನುವಾರ ರತ್ನಮ್ಮನೊಂದಿಗೆ ರೈಲು ಹತ್ತಿ, ಗಣಿ ಕೆಲಸದವರ ಸಾಲುಮನೆಗಳಿರುವ ಕಂಪನಿ ಲೈನಿನ ಮಾವನ ಮನೆಯಲ್ಲಿ ಕೂತು ಓದಿದೆ. ಕಥೆಯಲ್ಲಿ ಮೀಸೆ ಬಂದಾಗ ಮಾವ ಮೀಸೆ ಮುಟ್ಟಿಕೊಂಡರು. ಬೀದಿಗೆ ಧಾವಿಸುವ ಜಾಗ ಬಂತು. ಅವರು ಕಾಫಿ ಲೋಟ ಕೆಳಗಿಟ್ಟರು.

“ಇವನ್ಯಾವ ಊರೋನು ಅಳಿಯಂದ್ರೇ?”

“ಇದೇ ಊರು ಮಾವ. ಗಣಿ ಕೆಲಸದೋನು.”

“ಗಣಿ ಕೆಲಸದೋನು ಯಾವನಪ್ಪಾ ಬೀದಿಗೆ ಓಡೋನು?” ಎಂದವರು ಅತ್ತೆಯ ಕಡೆ ತಿರುಗಿದರು. “ನೋಡಿದ್ಯೇನೇ, ಕಥೇಲಿ ನನ್ನ ಓಡಿಸವ್ರೆ!”

“ಓಡ್ಲಿ ಬಿಡಿ, ನಿಜದಾಗೆ ಅಂಗಡಿಗೆ ಓಗಾಕೇ ಏಳಾಕಿಲ್ಲ” ಎಂದರು ಅತ್ತೆ ಒಲೆಯ ಕಡೆಯಿಂದ.

ಕಲೆ ಎಂದರೇನೆಂದು ತಿಳಿಸಿಕೊಡಲು ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ನೆಲ ಗುಡುಗಿತು. ತಗಡಿನ ಸೂರು ಗಡಗಡಿಸಿತು. ಅತ್ತೆ ಒಂದು ಕೈಯಲ್ಲಿ ಮುದ್ದೆ ತೊಳಸುತ್ತಲೇ ಇನ್ನೊಂದು ಕೈಯೆತ್ತಿ ಹಲಗೆಯ ಮೇಲಿನ ಉಪ್ಪಿನಕಾಯಿ ಜಾಡಿ ಹಿಡಿದರು. ಮಾವ ಲೋಟವನ್ನು ನೆಲದಿಂದ ಎತ್ತಿ ಗಾಳಿಯಲ್ಲಿ ಹಿಡಿದರು, ಚೆಲ್ಲದ ಹಾಗೆ. ಇದನ್ನೆಲ್ಲ ರತ್ನಮ್ಮ ಆಮೇಲೆ ಹೇಳಿದ್ದು. ನಾನು ಅಷ್ಟೊತ್ತಿಗೆ ಕಥೆಯನ್ನು ಎದೆಗವಚಿಕೊಂಡು ಬೀದಿಯಲ್ಲಿದ್ದೆ. ಇಡೀ ಲೈನಿನಲ್ಲಿ ಹೊರಗೆ ನಿಂತಿದ್ದವನು ನಾನೊಬ್ಬ, ಒಂದು ಕೋಳಿ.

“ಒಳೀಕ್ ಬನ್ನಿ, ಕಾಫಿ ಆರೋಗ್ತದೆ” ಎಂದು ಮಾವ ಕರೆದರು. ನಾನು ಒಳಗೆ ಬಂದಾಗ ಯಾರೂ ನಗಲಿಲ್ಲ. ಜಾಡಿಯ ಮೇಲಿನ ಕೈ ತೆಗೆಯದೆ ಅತ್ತೆ ಮೆಲ್ಲಗೆ ಕೇಳಿದರು: “ಪಕ್ಕದ್ಮನೆ ಸೆಲ್ವ ಈಗ ಕೆಳಗವ್ನಾ?” “ಅವಂದು ರಾತ್ರಿ ಪಾಳಿ. ಮಲಗವ್ನೆ” ಎಂದರು ಮಾವ. ಆಗ ಅತ್ತೆ ಜಾಡಿ ಬಿಟ್ಟರು. ಆದರೂ ಯಾರದೋ ಮನೆಯವನು ಆ ಹೊತ್ತಿಗೆ ಗಣಿಯ ಕೆಳಗಿರುತ್ತಾನಲ್ಲ. ಮಾವ ಬಹಳ ಹೊತ್ತು ಆ ಕಾಫಿ ಕುಡಿಯಲಿಲ್ಲ.

ವಾಪಸ್ಸು ರೈಲಿನಲ್ಲಿ ನನಗೆ ಹೊಳೆಯಿತು: ನಾನು ಮೀಸೆಯ ಅಳತೆ ತೆಗೆದಿದ್ದೆ, ಕೈಯ ಅಳತೆ ಬಿಟ್ಟಿದ್ದೆ. ನೆಲ ನಡುಗಿದಾಗ ಕೈ ಎಲ್ಲಿಗೆ ಹೋಗುತ್ತದೋ ಅಲ್ಲಿ ಮನುಷ್ಯ ಇರುತ್ತಾನೆ. ಎಲ್ಲ ಬಿಚ್ಚಿ ಮತ್ತೆ ಹೊಲಿದೆ. ಜಾಡಿ, ಲೋಟ, ಸೆಲ್ವನ ವಿಚಾರ ಬಂದವು. ಓಡುವುದಕ್ಕೂ ಒಬ್ಬ ಬೇಕಿತ್ತು. ಬಂಗಾರಪೇಟೆಯಿಂದ ಬಂದ ಒಬ್ಬ ಅಳಿಯನನ್ನು ಹಾಕಿದೆ.

ಕಥೆ ಅಚ್ಚಾಯಿತು. ‘ಅಳಿಯನ ಪಾತ್ರ ಜೀವಂತವಾಗಿದೆ’ ಎಂದು ಪತ್ರಿಕೆಯವರೇ ಬರೆದರು. ಮಾವನ ಪಾತ್ರದ ಬಗ್ಗೆ ಒಂದಕ್ಷರವಿಲ್ಲ. ಅದಕ್ಕೆ ಮಾವ ಇನ್ನೂ ಮುನಿಸಿಕೊಂಡಿದ್ದಾರೆ. ಅಂಗಡಿಗೆ ಬಂದವರು, “ಆ ಪುಕ್ಕಲ ಭಾಳ ಚೆಂದಾಗವ್ನೆ, ಯಾರನ್ನ ನೋಡಿ ಬರದ್ರಿ?” ಎನ್ನುತ್ತಾರೆ. “ಯಾರೋ ಒಬ್ಬ ಗಿರಾಕಿ” ಎನ್ನುತ್ತೇನೆ. ಅಂಗಿಯ ಗುಂಡಿಗಳಿಗೆ ಕಾಜಾ ಹಾಕುತ್ತಿರುವ ರತ್ನಮ್ಮ ತಲೆಯೆತ್ತುವುದಿಲ್ಲ.

ಈಗ ನನ್ನಲ್ಲಿರುವುದು ಹೊಲಿಗೆ ಯಂತ್ರ ಒಂದು, ಪೆನ್ನು ಒಂದು, ಅಚ್ಚಾದ ಕಥೆ ಒಂದು, ಜೀವವಿರುವ ಪಾತ್ರ ಒಂದು. ಅವನ ಅಂಗಿಯ ಅಳತೆ ಮಾತ್ರ ನಾನು ಯಾರಿಗೂ ಹೇಳುವುದಿಲ್ಲ.