ಅತ್ತೆಯ ಸೀರಿಯಲ್ಲೂ ನನ್ನ ಛತ್ರಿ ಡಿಶ್ಶೂ

ಪ್ರಯಾಣದಲ್ಲಿ ಟೀವಿ ನೋಡಲು ಒಂದು ಡಿಶ್ ಆರಿಸುವುದು ಏನು ಮಹಾ ಬ್ರಹ್ಮವಿದ್ಯೆ? ಈ ಪ್ರಶ್ನೆಯನ್ನು ನಾನು ಆಗಲೂ ಕೇಳಿದೆ, ಇಷ್ಟೆಲ್ಲ ಆದ ಮೇಲೆ ಈಗಲೂ ಕೇಳುತ್ತೇನೆ. ನನ್ನ ಆಯ್ಕೆಯಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ನನ್ನ ಹೆಂಡತಿ ವತ್ಸಲಾ ನೆಂಟರಿಷ್ಟರಿಗೆಲ್ಲ ಬೇರೆಯೇ ಕಥೆ ಹೇಳಿಕೊಂಡು ಬರುತ್ತಿರುವುದರಿಂದ ನಿಜ ಸಂಗತಿಯನ್ನು ನಾನೇ ಬರೆಯಬೇಕಾಗಿ ಬಂದಿದೆ.

ನಾವು ಚೆನ್ನೈನ ವೆಸ್ಟ್ ಮಾಂಬಲಂನಲ್ಲಿ ಫ್ಲ್ಯಾಟಿನಲ್ಲಿರುವವರು. ನಾನು ವಿಮಾ ಕಂಪನಿಯೊಂದರಿಂದ ನಿವೃತ್ತನಾದವನು. ನಮ್ಮ ಅತ್ತೆಗೆ, ಅಂದರೆ ವತ್ಸಲಾಳ ತಾಯಿಗೆ, ರಾಮೇಶ್ವರದ ಹರಕೆಯೊಂದು ಬಹಳ ಕಾಲದಿಂದ ಬಾಕಿಯಿತ್ತು. ಅವರಿಗೆ ಮಂಡಿನೋವು. ರೈಲು ಆಗದು, ಬಸ್ಸಂತೂ ಆಗಲೇ ಆಗದು. ಅದಕ್ಕೇ ಮಗಳು ನಂದಿನಿ ಒಂದು ಕ್ಯಾರವಾನನ್ನು ಬಾಡಿಗೆಗೆ ಗೊತ್ತುಮಾಡಿದಳು. ಮಲಗಲು ಮಂಚ, ಪುಟ್ಟ ಅಡುಗೆ ಕಟ್ಟೆ, ಬಾತ್‌ರೂಮು, ಗೋಡೆಗೊಂದು ಟೀವಿ. ಇಡೀ ಸಂಸಾರವೇ ಚಕ್ರದ ಮೇಲೆ! ಎಲ್ಲರೂ ಹಿಗ್ಗಿದೆವು. ಅತ್ತೆ ಮಾತ್ರ ಕೋಡುಬಳೆ ಮುರಿಯುತ್ತ ಒಂದೇ ಮಾತು ಕೇಳಿದರು.

"ಅದ್ರಲ್ಲಿ ಏಳು ಗಂಟೆ ಸೀರಿಯಲ್ ಬರುತ್ತಾ?"

ವಿಷಯ ಗಂಭೀರವಾಗಿತ್ತು. ಆ ಸೀರಿಯಲ್ಲಿನ ಗೌರಿ ಎಂಬ ಹುಡುಗಿಯ ಮದುವೆ ಎಷ್ಟೋ ಸಲ ಮಂಟಪದವರೆಗೆ ಬಂದು ನಿಂತುಹೋಗಿತ್ತು. ಈ ಸಲ ನಡೆದೇ ತೀರುತ್ತದೆಂದು ಅತ್ತೆಗೆ ಖಚಿತವಾಗಿತ್ತು. "ಗೌರಿ ಮದ್ವೆ ನೋಡ್ದೆ ನಾನೆಲ್ಲೂ ಬರೋಳಲ್ಲ. ದೇವ್ರು ಎಲ್ಲೂ ಓಡೋಗಲ್ಲ, ಮುಹೂರ್ತ ಓಡೋಗುತ್ತೆ" ಎಂದುಬಿಟ್ಟರು.

"ಅಪ್ಪಾ, ಫೋನ್‌ಲ ಪಾತ್ತಾ ಪೋದುಮೇ!" ಎಂದಳು ನಂದಿನಿ. ಫೋನಿನಲ್ಲಿ ನೋಡಿದರೆ ಸಾಲದೇ ಎಂದು ಅವಳ ವಾದ. ಇಲ್ಲೇ ಹುಟ್ಟಿ ಬೆಳೆದ ಹುಡುಗಿ. ಕನ್ನಡದಲ್ಲಿ ಬೈಸಿಕೊಂಡು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ.

"ಅಷ್ಟು ಸಣ್ಣದ್ರಲ್ಲಿ ತಾಳಿ ಯಾರು ಕಟ್ಟಿದ್ರು ಅಂತ ಕಾಣ್ಸುತ್ತೇನೇ?" ಎಂದರು ಅತ್ತೆ.

ನಾನು ಎದೆ ತಟ್ಟಿಕೊಂಡು ಎದ್ದೆ. "ಅತ್ತೆ, ಚಿಂತೆ ಬಿಡಿ. ವ್ಯಾನಿಗೆ ನಾನು ಡಿಶ್ ಹಾಕಿಸ್ತೀನಿ. ಗೌರಿ ಮದ್ವೆ ನಿಮಗೆ ದೊಡ್ಡ ಟೀವೀಲಿ ತೋರ್ಸೋ ಜವಾಬ್ದಾರಿ ನಂದು!"

"ತೋರಿಸ್ದೆ ಹೋದ್ರೆ ಅಲ್ಲಿಂದ್ಲೇ ವಾಪಸ್ಸು" ಎಂದು ಅತ್ತೆ ಒಪ್ಪಿದರು. ವತ್ಸಲಾ ಮಾತ್ರ ನಾನು ರಿಪೇರಿ ಮಾಡಿದ ಮಿಕ್ಸಿಯ ಕಡೆ ಒಮ್ಮೆ ನೋಡಿದಳು, ಅಷ್ಟೇ.

ಪುರಸೈವಾಕ್ಕಂನ ಅಂಗಡಿಯವನು ಮೂರು ಬಗೆಯ ಡಿಶ್ ತೋರಿಸಿದ. ಒಂದು ಇಡ್ಲಿ ಪಾತ್ರೆಯ ಮುಚ್ಚಳದ ಹಾಗೆ ಗುಂಡಗಿತ್ತು. ಗುಂಡಿ ಒತ್ತಿದರೆ ಸಾಕು, ತಾನೇ ಉಪಗ್ರಹವನ್ನು ಹುಡುಕಿಕೊಳ್ಳುತ್ತದಂತೆ. ಇನ್ನೊಂದು ಚಪ್ಪಟೆ ಹಲಗೆಯಂಥದು. ಮೂರನೆಯದು ಛತ್ರಿಯ ಹಾಗೆ ಮಡಿಸಿ ಬಿಚ್ಚುವ, ಮೂರು ಕಾಲಿನ ಡಿಶ್. ಅದನ್ನು ಕೈಯಲ್ಲೇ ತಿರುಗಿಸಿ ದಿಕ್ಕು ಹೊಂದಿಸಬೇಕು.

"ತಾನಾವೇ ತೇಡುಮ್ ಸಾರ್, ಇದೇ ಒಳ್ಳೇದು" ಎಂದು ಅವನು ಮುಚ್ಚಳವನ್ನು ಮುಂದೆ ತಳ್ಳಿದ.

ತಾನೇ ಹುಡುಕಿಕೊಳ್ಳುವ ಡಿಶ್ ಇದ್ದರೆ ನಾನೇಕೆ? ದೂರದರ್ಶನದ ಕಾಲದಲ್ಲಿ ಮಾಳಿಗೆಯ ಮೇಲೆ ನಿಂತು ಆಂಟೆನಾ ತಿರುಗಿಸುತ್ತ "ಬಂತಾ?" ಎಂದು ಕೂಗಿ, ಕೆಳಗಿನಿಂದ "ಬಂತು, ಬಂತು, ಅಯ್ಯೋ ಹೋಯ್ತು!" ಎಂದು ಕೇಳಿಸಿಕೊಂಡು ಬೆಳೆದ ಕೈ ಇದು. ನಾನು ಛತ್ರಿಯನ್ನೇ ಎತ್ತಿಕೊಂಡೆ. ಫ್ಲ್ಯಾಟಿನ ತಾರಸಿಯ ಮೇಲೆ ತಾಲೀಮು ನಡೆಸಿದೆ. ಆಕಾಶಕ್ಕೆ ಮುಖ ಮಾಡಿ, ದಕ್ಷಿಣಕ್ಕೆ ವಾಲಿಸಿದ್ದೇ ತಡ, ಚಿತ್ರ ಕಣ್ಣಿಗೆ ಕಟ್ಟಿದ ಹಾಗೆ ಬಂತು! ಎದುರು ಮನೆಯ ಮಾಮಿ ವಡಾಂ ಸಂಡಿಗೆ ಒಣಗಿಸುವುದನ್ನು ಬಿಟ್ಟು ಬಂದು ನೋಡಿದರು. ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಹೊರಟೆವು. ಮೊದಲ ದಿನ ಸಂಜೆ ಬಿಸಿಲಿರುವಾಗಲೇ ಕಡಲ ದಂಡೆಯ ಒಂದು ಹಳ್ಳಿಯ ಹತ್ತಿರ ನಿಂತೆವು. ಗೌರಿಯ ಮದುವೆ ಅಂದೇ. ನಮ್ಮ ಡ್ರೈವರ್ ಸೆಲ್ವಂ ವ್ಯಾನನ್ನು ನೇರವಾಗಿ ಒಂದು ಭಾರಿ ಹುಣಸೇ ಮರದ ಕೆಳಗೆ ನುಗ್ಗಿಸಿದ. ಚೆನ್ನೈನಲ್ಲಿ ಗಾಡಿ ಓಡಿಸಿದವನಿಗೆ ನೆರಳು ಕಂಡರೆ ಬ್ರೇಕು ತಾನಾಗಿಯೇ ಬೀಳುತ್ತದೆ. ಮರದಡಿಯಲ್ಲಿ ಡಿಶ್ಶಿಗೆ ಆಕಾಶ ಕಾಣುವುದಿಲ್ಲ, ಬಯಲಿಗೆ ತೆಗೆ ಎಂದೆ.

"ಬಿಸಿಲಲ್ಲಿ ನಿಲ್ಸಿದ್ರೆ ನಾನು ಇಳ್ಕೊಂಡು ನಡ್ಕೊಂಡು ಹೋಗ್ತೀನಿ" ಎಂದಳು ವತ್ಸಲಾ.

ನಾನು ಸೋಲುವವನೇ? ಉದ್ದದ ಕೇಬಲ್ ಎಳೆದು, ಡಿಶ್ಶನ್ನು ಬಯಲಿನಲ್ಲಿ ನಿಲ್ಲಿಸಿ, ತಿರುಗಿಸತೊಡಗಿದೆ. ಟೀವಿಯ ಮುಂದೆ ಅತ್ತೆ, ವ್ಯಾನಿನ ಬಾಗಿಲಲ್ಲಿ ವತ್ಸಲಾ, ನಡುದಾರಿಯಲ್ಲಿ ಸೆಲ್ವಂ. ಅತ್ತೆ "ಬಂತು" ಎಂದ ಸುದ್ದಿ ಮೂರು ಬಾಯಿ ದಾಟಿ ನನಗೆ ತಲುಪುವಷ್ಟರಲ್ಲಿ ನಾನು ಮುಂದಕ್ಕೆ ತಿರುಗಿಸಿ ಚಿತ್ರ ಹೋಗಿರುತ್ತಿತ್ತು. ಆದರೂ ಬಿಡಲಿಲ್ಲ. ಕೊನೆಗೆ ಚಿತ್ರ ಬಂದು ನಿಂತಿತು! ನಾನು ಡಿಶ್ಶಿನ ಬೆನ್ನು ತಟ್ಟಿ, ವಿಜಯಿಯಾಗಿ ಸ್ನಾನಕ್ಕೆ ಹೋದೆ.

ಸ್ನಾನ ಮುಗಿಸಿ ಬಂದಾಗ ಏಳಕ್ಕೆ ಇನ್ನೇನು ಸ್ವಲ್ಪವೇ ಉಳಿದಿತ್ತು. ಟೀವಿ ಹಾಕಿದೆ. ಸಿಗ್ನಲ್ ಇಲ್ಲ!

ಇಲ್ಲಿ ನನ್ನ ತರ್ಕವನ್ನು ಓದುಗರು ಗಮನಿಸಬೇಕು. ದಿಕ್ಕು ಹೊಂದಿಸಿದವನು ನಾನು. ಆದ್ದರಿಂದ ದಿಕ್ಕು ಸರಿಯಿದೆ. ಆದ್ದರಿಂದ ತಪ್ಪು ಬೇರೆಲ್ಲೋ ಇದೆ. ನಾನು ಸೆಟ್‌ಟಾಪ್ ಬಾಕ್ಸನ್ನು ಕುಲುಕಿದೆ. ಕೇಬಲ್ಲಿನ ಎರಡೂ ತುದಿ ಕಿತ್ತು, ಊದಿ, ಮತ್ತೆ ಸಿಕ್ಕಿಸಿದೆ. ಕೇಬಲ್ಲಿನ ಮೇಲೆ ಮಲಗಿದ್ದ ಮೇಕೆಯೊಂದನ್ನು ಎಬ್ಬಿಸಿದೆ. ಅದು ಹೋಗಲಿಲ್ಲ, ನನ್ನ ಪಂಚೆಯ ತುದಿ ಜಗಿಯಿತು.

"ರೀ, ಒಂದ್ಸಲ ಡಿಶ್ ತಿರುಗಿಸಿ ನೋಡಿ" ಎಂದು ಕೂಗಿದಳು ವತ್ಸಲಾ.

"ಡಿಶ್ ಸರಿಯಾಗಿದೆ!" ಎಂದು ಗರ್ಜಿಸಿದೆ.

"ಗೌರಿ ಹಸೆಮಣೆಗೆ ಬಂದಿರ್ತಾಳೆ!" ಎಂದು ಒಳಗಿನಿಂದ ಅತ್ತೆಯ ಧ್ವನಿ ಕೇಳಿತು. ಅದರಲ್ಲಿ ಅಳು ಇತ್ತು. ಹೆತ್ತ ಮಗಳ ಮದುವೆ ತಪ್ಪಿಸಿಕೊಂಡವರ ಅಳು. ನನಗೆ ನಿಜವಾಗಿಯೂ ಸಂಕಟವಾಯಿತು. ನಂದಿನಿ ಫೋನಿನಲ್ಲಿ ಪ್ರಯತ್ನಪಟ್ಟಳು. ಆ ಜಾಗದಲ್ಲಿ ಮಾತಾಡುವಷ್ಟು ಸಿಗ್ನಲ್ ಇತ್ತೇ ಹೊರತು ಚಿತ್ರ ಬರುವಷ್ಟಿರಲಿಲ್ಲ. ನೋಡಿದಿರಾ? ಫೋನ್ ಸಾಕು ಎಂದವಳಿಗೆ ಅಷ್ಟು ಸಂಕಟದಲ್ಲೂ ಅದನ್ನು ಹೇಳದೆ ಬಿಡಲಿಲ್ಲ.

ಕತ್ತಲಾಗುತ್ತ ಬಂದಿತ್ತು. ಡಿಶ್ಶಿನ ಪಕ್ಕದಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತೆ. ಸಮುದ್ರದಿಂದ ಚಂದ್ರ ಏಳುತ್ತಿದ್ದ. ನೇರವಾಗಿ ಡಿಶ್ಶಿನ ಮುಖದ ಎದುರಿಗೇ ಏಳುತ್ತಿದ್ದ. ನಮ್ಮ ಕರಾವಳಿಯಲ್ಲಿ ಸಮುದ್ರವಿರುವುದು ಪೂರ್ವಕ್ಕೆ. ನಾನು ದಕ್ಷಿಣಕ್ಕೆ ವಾಲಿಸಿಟ್ಟ ಡಿಶ್ ಹಾಯಾಗಿ ಸಮುದ್ರ ನೋಡುತ್ತ ನಿಂತಿತ್ತು!

ಹಿಡಿದು ತಿರುಗಿಸಿದೆ. ಕಿಟಕಿಯಲ್ಲಿ ಟೀವಿಯ ಬೆಳಕು ಬಣ್ಣಬಣ್ಣವಾಗಿ ಹೊಳೆಯಿತು. "ಬಂತು! ಬಂತು!" ಎಂದು ಕಿರುಚುತ್ತ, ಪಂಚೆ ಎತ್ತಿಕೊಂಡು ಓಡಿ, ವ್ಯಾನಿನೊಳಗೆ ನುಗ್ಗಿದೆ.

"ಷ್!" ಎಂದರು ಎಲ್ಲರೂ ಒಟ್ಟಿಗೆ.

ಎಲ್ಲರ ಬೆನ್ನೂ ಟೀವಿಯ ಕಡೆಗಿತ್ತು. ಮಧ್ಯೆ ನಂದಿನಿಯ ಫೋನ್. ಅದರಲ್ಲಿ ಅತ್ತೆಯ ತಂಗಿ, ಮೈಸೂರಿನ ಶಾರದತ್ತೆ. ತಮ್ಮ ಮನೆಯಲ್ಲಿ ಸೀರಿಯಲ್ ನೋಡುತ್ತ, ನೋಡಿದ್ದನ್ನು ನೋಡಿದ ಹಾಗೆ ಹೇಳುತ್ತಿದ್ದರು.

"ಹೂಂ ಕಣೇ ಅಕ್ಕಾ, ಅಂತರಪಟ ಸರಿಸಿದ್ರು. ಗೌರಿ ತಲೆ ಎತ್ಲೇ ಇಲ್ಲ. ಆ ಹಾಳು ಚಿಕ್ಕಮ್ಮ ಇದಾಳಲ್ಲ, ಕಂಬದ ಹಿಂದೆ ನಿಂತು ಹಲ್ಲು ಕಡೀತಾ ಇದಾಳೆ. ಸೀರೆ ಮಾತ್ರ ಚೆನ್ನಾಗಿಲ್ಲ, ಬಾಡಿಗೇದೇ ಇರ್ಬೇಕು. ತಡಿ ತಡಿ... ಗಟ್ಟಿಮೇಳ!"

ಅತ್ತೆ ಫೋನಿಗೇ ಅಕ್ಷತೆ ಹಾಕಿದರು. ಕನ್ನಡ ಬಾರದ ಸೆಲ್ವಂ "ಕಲ್ಯಾಣಂ ಮುಡಿಂಜಿದಾ?" ಎಂದು ಕಣ್ಣರಳಿಸಿ ಕೇಳಿದ. ಮದುವೆ ಮುಗಿದಿತ್ತು. ನನ್ನ ಟೀವಿಯಲ್ಲಿ ಅಷ್ಟು ಹೊತ್ತಿಗೆ ಪಾತ್ರೆ ಉಜ್ಜುವ ಸೋಪಿನ ಜಾಹೀರಾತು ಬರುತ್ತಿತ್ತು.

"ಡಿಶ್ ತಿರುಗಿಸಿದ್ದು ಯಾರು?" ಎಂದು ನಾನು ವಿಚಾರಣೆ ಆರಂಭಿಸಿದೆ.

"ನಾನೇ" ಎಂದರು ಅತ್ತೆ, ಕಣ್ಣೊರೆಸಿಕೊಳ್ಳುತ್ತ. "ನೀವು ಸ್ನಾನಕ್ಕೆ ಹೋದಾಗ ನೋಡ್ದೆ. ದಕ್ಷಿಣಕ್ಕೆ ಮುಖ ಮಾಡ್ಕೊಂಡು ನಿಂತಿತ್ತು. ಮದ್ವೆ ಮುಹೂರ್ತ ಇಟ್ಕೊಂಡು ಯಮನ ದಿಕ್ಕಿಗೆ ತಿರುಗಿಸ್ತಾರಾ ಯಾರಾದ್ರೂ? ಪೂರ್ವಕ್ಕೆ ತಿರುಗಿಸಿ ಕುಂಕುಮ ಇಟ್ಟು ಬಂದೆ. ಅದಕ್ಕೇ ನೋಡಿ, ಮದ್ವೆ ನಿರ್ವಿಘ್ನವಾಗಿ ಆಯ್ತು."

ಹಿಂದಿರುಗುವ ಮಾತನ್ನು ಮಾತ್ರ ಅವರು ಎತ್ತಲಿಲ್ಲ. ಶಾರದತ್ತೆ ಹೇಳುವ ಸೀರಿಯಲ್ಲೇ ಟೀವಿಗಿಂತ ಚೆನ್ನಾಗಿದೆಯಂತೆ. ಜಾಹೀರಾತೂ ಇಲ್ಲವಂತೆ!

ಆದರೆ ನಾನು ಸೋಲೊಪ್ಪಲಿಲ್ಲ. ಮರುದಿನ ಸಂಜೆ ಮತ್ತೆ ಡಿಶ್ ನಿಲ್ಲಿಸಿದೆ. ದಕ್ಷಿಣಕ್ಕೇ ನಿಲ್ಲಿಸಿದೆ! ಯಾರೂ ಮುಟ್ಟದ ಹಾಗೆ ಕಾವಲು ಕೂತೆ. ಏಳು ಗಂಟೆಗೆ ಅವರೆಲ್ಲ ಹೊರಗೆ ಚಾಪೆ ಹಾಸಿ, ಫೋನಿನ ಸುತ್ತ ಕುಳಿತರು. ನಾನು ಒಳಗೆ ಟೀವಿಯ ಮುಂದೆ ಒಬ್ಬನೇ ಕುಳಿತೆ. ಅವರ ಸೀರಿಯಲ್ ಹಾಕಲು ಸ್ವಾಭಿಮಾನ ಒಪ್ಪಲಿಲ್ಲ. ಮೇಕೆ ಸಾಕಣೆಯ ಕಾರ್ಯಕ್ರಮ ಹಾಕಿ, ಹಠ ಹಿಡಿದು ಮೊದಲಿನಿಂದ ನೋಡಿದೆ.

ಮರಿಗಳಿಗೆ ಜಂತುಹುಳು ಬಾರದಂತೆ ಏನು ಮಾಡಬೇಕೆಂದು ಹೇಳುತ್ತಿರುವಾಗ ಬಾಗಿಲಲ್ಲಿ ವತ್ಸಲಾಳ ತಲೆ ಕಾಣಿಸಿತು.

"ರೀ, ಆ ಟೀವಿ ಸೌಂಡ್ ಸ್ವಲ್ಪ ಕಡಿಮೆ ಮಾಡ್ತೀರಾ? ಸೀರಿಯಲ್ ಕೇಳಿಸ್ತಾ ಇಲ್ಲ."

ಸೌಂಡನ್ನು ಪೂರ್ತಿ ತೆಗೆದೆ. ಚಿತ್ರ ಮಾತ್ರ ಬಹಳ ಸ್ಪಷ್ಟವಾಗಿತ್ತು.