ಪುಟ್ಟಸ್ವಾಮಿಯ ಕಂಪ್ಯೂಟರು, ನನ್ನ ಥೀಸಿಸ್ಸು

ಪುಟ್ಟಸ್ವಾಮಿ ತನ್ನ ಥೀಸಿಸ್ಸನ್ನು ಕಂಪ್ಯೂಟರಿನಲ್ಲಿ ಬರೆಯುತ್ತಿದ್ದೇನೆಂದು ನನಗೆ ನಿಜವಾಗಿ ಹೇಳಿದ್ದನೇ? ದೇವರ ಮುಂದೆ ನಿಲ್ಲಿಸಿ ಪ್ರಮಾಣ ಮಾಡು ಎಂದರೆ ಮಾಡಲಾರೆ. ಹೇಳಿದ ಹಾಗೆ ನೆನಪು. ಆದರೆ ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆ. ಸಮಾಜಶಾಸ್ತ್ರ ಓದಿದವನ ಕರ್ಮ ಇದು. ಒಂದೇ ಬೇಲಿ ಜಗಳವನ್ನು ಹತ್ತು ಜನ ಹತ್ತು ರೀತಿ ಹೇಳುವುದನ್ನು ಬರೆದುಕೊಂಡು ಬಂದವನು ತನ್ನ ಕಥೆಯನ್ನು ಮಾತ್ರ ಹೇಗೆ ನಂಬಿಯಾನು? ಆ ಕಾಲದ್ದು ಚೆನ್ನಾಗಿ ನೆನಪಿರುವುದು ಹೊಟ್ಟೆಕಿಚ್ಚು ಒಂದೇ. ಅದರ ಬಗ್ಗೆ ಸಂಶಯವಿಲ್ಲ.

ನಾವಿಬ್ಬರೂ ಹೊಳೆನರಸೀಪುರದ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರದ ಮೇಷ್ಟ್ರುಗಳು. ನಾನು ಹಾಸನದಿಂದ ಬಸ್ಸಿನಲ್ಲಿ ಬರುತ್ತಿದ್ದೆ, ಅವನು ಅರಕಲಗೂಡಿನಿಂದ. ಎದುರಿಗೆ ‘ನೀವು’ ಎನ್ನುತ್ತಿದ್ದೆ. ‘ಅವನು’ ಎನ್ನುತ್ತಿದ್ದದ್ದು ಮನಸ್ಸಿನಲ್ಲಿ ಮಾತ್ರ. ತೊಂಬತ್ತರ ದಶಕದ ನಡುವಿನಲ್ಲಿ ಒಂದೇ ದಿನ ಹೋಗಿ ಇಬ್ಬರೂ ಪಿಎಚ್.ಡಿ.ಗೆ ಹೆಸರು ನೋಂದಾಯಿಸಿ ಬಂದೆವು. ಅವನ ವಿಷಯ ಚನ್ನರಾಯಪಟ್ಟಣದ ಸಂತೆಯ ಚೌಕಾಸಿ. ನನ್ನದು ಸಾಲಗಾಮೆ ಕಡೆಯ ಮುಯ್ಯಾಳು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು ಎಂದು ರೈತರು ಕೂಲಿಯಿಲ್ಲದೆ ಒಬ್ಬರಿಗೊಬ್ಬರು ದುಡಿಯುವ ಪದ್ಧತಿ. ಯಾರು ಮೊದಲು ‘ಡಾಕ್ಟ್ರು’ ಆಗುತ್ತಾರೆಂದು ಸ್ಟಾಫ್ ರೂಮು ಕಾದು ಕೂತಿತ್ತು. ನನಗೆ ಧೈರ್ಯವಿತ್ತು, ಏಕೆಂದರೆ ನನ್ನ ಬಳಿ ಟೈಪ್‌ರೈಟರ್ ಇತ್ತು. ಸೋದರಮಾವ ಕೊಟ್ಟ ಇಂಗ್ಲಿಷ್ ಯಂತ್ರ. ಅದರ ‘ಜಿ’ ಅಕ್ಷರ ಮಾತ್ರ ಸಾಲು ಬಿಟ್ಟು ರಾಗಿಕಾಳಿನಷ್ಟು ಮೇಲಕ್ಕೆ ನೆಗೆಯುತ್ತಿತ್ತು. ಮಿಕ್ಕಂತೆ ಆನೆ. ಅದರಲ್ಲಿ ಎರಡನೇ ಅಧ್ಯಾಯದವರೆಗೆ ಬಂದಿದ್ದೆ.

ಆಗ ಪುಟ್ಟಸ್ವಾಮಿಯ ಮನೆಗೆ ಕಂಪ್ಯೂಟರು ಬಂತು. ನೋಡಲು ಹೋದೆ. ಚಪ್ಪಲಿ ಬಾಗಿಲಲ್ಲಿ ಬಿಟ್ಟಿದ್ದೆ. ಕೋಣೆಯ ಹೊಸ್ತಿಲಲ್ಲಿ ಕಾಲು ಒರೆಸಿಕೊಳ್ಳಲು ಬೇರೆ ಬಟ್ಟೆ ಕೊಟ್ಟ. ಒಳಗೆ ಎರಡು ಗಿಳಿ ಕಸೂತಿ ಹಾಕಿದ ಹೊದಿಕೆಯ ಕೆಳಗೆ ಅದು ಕೂತಿತ್ತು. ಹೊದಿಕೆ ಸರಿಸಿದ, ಪೆಟ್ಟಿಗೆಯ ಹಣೆಯ ಮೇಲೆ ಕುಂಕುಮ.

“ಮುಟ್‌ಬ್ಯಾಡಿ ಮೂರ್ತಿ, ಧೂಳು ಕಂಡ್ರೆ ಆಗಲ್ಲ ಅದಕ್ಕೆ” ಎಂದ. “ಇದ್ರಲ್ಲಿ ಅಡಿಟಿಪ್ಪಣಿ ತಾನಾಗೇ ಕೆಳಕ್ಕೋಗಿ ಕೂತ್ಕತ್ತದೆ ಕಣ್ರೀ. ಮಧ್ಯ ಒಂದು ತೆಗೆದ್ರೆ ಮಿಕ್ಕಿದ್ದೆಲ್ಲ ನಂಬರ್ ಬದಲಾಯಿಸ್ಕತ್ತವೆ!”

ನನ್ನ ಹೊಟ್ಟೆಯಲ್ಲಿ ಒಲೆ ಹತ್ತಿತು. ಬಿಟ್ಟುಹೋದ ಒಂದೇ ಅಡಿಟಿಪ್ಪಣಿಗಾಗಿ ಆ ವಾರವಷ್ಟೇ ಹನ್ನೊಂದು ಪುಟ ಮತ್ತೆ ಬಡಿದಿದ್ದೆ. “ಹಾಕಿ, ನೋಡೋಣ” ಎಂದೆ. “ಕರೆಂಟಿಲ್ವಲ್ಲ” ಎಂದ. ಆದರೆ ನೀಲಿ ಪರದೆಯ ಮೇಲೆ ಅವನ ಮೊದಲ ಅಧ್ಯಾಯ ಹೊಳೆಯುತ್ತಿದ್ದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಕರೆಂಟಿಲ್ಲದೆ ಹೇಗೆ ಹೊಳೆಯಿತು ಎಂಬುದು ನನಗೆ ತೋಚಿದ್ದು ಬಹಳ ವರ್ಷಗಳ ಮೇಲೆ.

ನಾನೂ ಕಂಪ್ಯೂಟರು ತಂದೆ. ಆದರೆ ಬರೆಯುವುದು ಯಾವ ಸಾಫ್ಟ್‌ವೇರಿನಲ್ಲಿ? ಅವನದಕ್ಕಿಂತ ಒಂದು ಕೈ ಮೇಲಿನದೇ ಆಗಬೇಕು. ಅವನದು ಯಾವುದೆಂದು ಕೇಳಲು ಅಭಿಮಾನ ಬಿಡಲಿಲ್ಲ. ಹಾಗಾಗಿ ಕಲಿತ ವಿದ್ಯೆಯನ್ನೇ ಬಳಸಿದೆ. ಪ್ರಶ್ನಾವಳಿ ತಯಾರಿಸಿ ಕ್ಷೇತ್ರಕಾರ್ಯಕ್ಕೆ ಹೊರಟೆ. ಹಾಸನದ ಕಂಪ್ಯೂಟರ್ ತರಗತಿಯವನು, ಗ್ರಂಥಸೂಚಿಯನ್ನು ತಾನೇ ಕಟ್ಟಿಕೊಡುವುದು ಒಂದಿದೆ, ಆದರೆ ಅದನ್ನು ತಾನು ಕಣ್ಣಾರೆ ಕಂಡಿಲ್ಲ ಎಂದ. ಚನ್ನರಾಯಪಟ್ಟಣದ ಗಣಿತದ ಮೇಷ್ಟ್ರು ಇನ್ನೊಂದನ್ನು ಹೊಗಳಿದರು. ಅದರಲ್ಲಿ ಮಾತಿನ ನಡುವೆ ಆಜ್ಞೆಗಳನ್ನು ಬರೆಯುತ್ತ ಹೋಗಬೇಕು, ಪುಟ ಹೇಗೆ ಬಂತೆಂದು ಆಮೇಲೆ ಕಾಣುತ್ತದಂತೆ. ಕಾಣದ್ದನ್ನು ನಂಬಿ ಬರೆಯಲು ನಾನೇನು ಭಕ್ತನೇ? ಹೊಳೆನರಸೀಪುರದಲ್ಲಿ ಲಗ್ನಪತ್ರಿಕೆ ಮಾಡುವವನಂತೂ, “ಬಾರ್ಡರ್ ಯಾವ್ದು ಹಾಕ್ಲಿ ಸಾ, ಬಾಳೆಕಂಬನೋ ನವಿಲೋ?” ಎಂದು ಕೇಳಿದ. ಎಲ್ಲವನ್ನೂ ಕೋಷ್ಟಕದಲ್ಲಿ ತುಂಬಿದೆ. ಒಂದನ್ನು ಆರಿಸಿ ಮೊದಲ ಅಧ್ಯಾಯ ಶುರು ಮಾಡುವಷ್ಟರಲ್ಲಿ ಅದಕ್ಕಿಂತ ಹೊಸದು ಬಂದಿರುತ್ತಿತ್ತು. ಮತ್ತೆ ಕೋಷ್ಟಕ.

“ನನ್ನನ್ನ ನೋಡೋಕೆ ಬಂದೋರು ಉಪ್ಪಿಟ್ಟು ಮುಗಿಯೋದ್ರೊಳಗೆ ಒಪ್ಕೊಂಡ್ರಿ” ಎಂದಳು ಹೆಂಡತಿ ಸುಮಿತ್ರ. “ಇದಕ್ಕೆ ಮೂರು ವರ್ಷ ಬೇಕೇನ್ರೀ?”

ಇದರ ಮಧ್ಯೆ ಪುಟ್ಟಸ್ವಾಮಿ ನಮ್ಮ ಮನೆಗೆ ಬಂದ. ಅವನು ಕೇಳಿದನೋ ನಾನೇ ಕೊಟ್ಟೆನೋ ಮರೆತಿದೆ, ಟೈಪ್‌ರೈಟರಂತೂ ಹೋಯಿತು. “ಎಂಗೂ ಮೂಲೇಲಿ ಕೂತದಲ್ಲ. ನಮ್ಮನೆಯೋಳು ಟೈಪಿಂಗ್ ಕಲ್ತವ್ಳೆ, ಕೈ ಮರ್ತೋಯ್ತದೆ ಅಂತಾಳೆ.” ರಾಜ ಹಳೇ ಕುದುರೆಯನ್ನು ದಾನ ಕೊಡುವ ಹಾಗೆ ಕೊಟ್ಟೆ. ಕೊಡುವಾಗ, “‘ಜಿ’ ಸ್ವಲ್ಪ ನೆಗೆಯುತ್ತೆ” ಎಂದೆ.

“ನೆಗೀಲಿ ಬಿಡಿ. ಮುಯ್ಯಿ ಅಂತ ಇಟ್ಕಳಿ ಮೂರ್ತಿ. ನಿಮ್ ಥೀಸಿಸ್‌ಗೆ ನಾನೂ ಬಂದು ಒಂದ್ ಕೈ ಹಾಕ್ತೀನಿ, ಕರೀರಿ.”

ಕರೆಯಲಿಲ್ಲ. ನನ್ನ ಕಂಪ್ಯೂಟರಿನ ಮುಂದೆ ಅವನನ್ನು ಕೂರಿಸುವುದೇ?

ಸಾಲಗಾಮೆಗೆ ಹೋಗುವುದೂ ಕಷ್ಟವಾಯಿತು. ಮುಯ್ಯಾಳಿನ ಬಗ್ಗೆ ನನಗೆ ಎಲ್ಲಕ್ಕಿಂತ ಹೆಚ್ಚು ಹೇಳಿದವರು ಅಲ್ಲಿನ ಒಬ್ಬ ಹಿರಿಯರು. ಅವರ ಮಗ ತಿಮ್ಮೇಗೌಡ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ, “ಏನ್ ಸಾ, ನಮ್ ಬುಕ್ಕು ಎಲ್ಲೀಗಂಟ ಬಂತು?” ಎಂದ. ಯಾವುದರಲ್ಲಿ ಬರೆಯುವುದೆಂದು ನೋಡುತ್ತಿದ್ದೇನೆ ಎಂದೆ.

“ಇನ್ನೂ ನೋಡ್ತಾನೇ ಇದ್ದೀರಾ? ನಮ್ಮಪ್ಪ ಓಗ್ಬುಟ್ರು ಸಾ, ಓದ್ ತಿಂಗ್ಳು. ಅವ್ರ ಎಸ್ರು ಬುಕ್ನಾಗ್ ಬತ್ತದೆ ಅಂತ ಊರ್ಗೆಲ್ಲ ಯೋಳ್ಕಂಡಿದ್ರು.”

ನಾನು ಬಸ್ಸು ಬಂತೆಂದು ಹೇಳಿ ಹತ್ತಿಬಿಟ್ಟೆ. ಅದು ಎಲ್ಲಿಗೆ ಹೋಗುವ ಬಸ್ಸೆಂದು ನೋಡಿರಲಿಲ್ಲ.

ಮುಂದಿನ ವರ್ಷ ಪುಟ್ಟಸ್ವಾಮಿ ಸ್ಟಾಫ್ ರೂಮಿನಲ್ಲಿ ಮೈಸೂರುಪಾಕು ಹಂಚಿದ. ಎಲ್ಲರೂ “ಡಾಕ್ಟ್ರೇ, ಡಾಕ್ಟ್ರೇ” ಎಂದರು. ನಾನೂ ಎಂದೆ, ಮೈಸೂರುಪಾಕು ಬಾಯಲ್ಲಿದ್ದದ್ದರಿಂದ ಸ್ಪಷ್ಟವಾಗಿ ಕೇಳಿಸಲಿಲ್ಲವೆಂಬುದೇ ಸಮಾಧಾನ. ನನ್ನ ನೋಂದಣಿಯ ಅವಧಿ ಮುಗಿದುಹೋಯಿತು. ಅಷ್ಟು ವರ್ಷದಲ್ಲಿ ನಾನು ಪೂರ್ತಿ ಬರೆದು ಮುಗಿಸಿದ್ದೆಂದರೆ ಸಾಫ್ಟ್‌ವೇರುಗಳ ತೌಲನಿಕ ಅಧ್ಯಯನ, ನಲವತ್ತು ಪುಟ. ಅಡಿಟಿಪ್ಪಣಿಗಳು ತಾವಾಗಿಯೇ ಕೆಳಗೆ ಕೂತಿವೆ.

ಎಷ್ಟೋ ವರ್ಷದ ಮೇಲೆ ಬೇರೆ ಕೆಲಸದ ನೆಪದಲ್ಲಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಿ ಪುಟ್ಟಸ್ವಾಮಿಯ ಥೀಸಿಸ್ಸು ಕೇಳಿ ತೆಗೆಸಿದೆ. ತಪ್ಪು ಹುಡುಕಲೆಂದೇ ಹೋದವನು ನಾನು, ಸುಳ್ಳೇಕೆ ಹೇಳಲಿ? ಮೊದಲ ಪುಟದಲ್ಲೇ ಕಣ್ಣು ನಿಂತಿತು. ಹಾಳೆ ತಿರುಗಿಸಿ ಬೆನ್ನು ಸವರಿದೆ. ಅಕ್ಷರಗಳು ಬೆರಳಿಗೆ ತಾಕಿದವು. ಕಂಪ್ಯೂಟರು ಹಾಳೆಯನ್ನು ಹಾಗೆ ಗುದ್ದುವುದಿಲ್ಲ. ನನ್ನ ಮನೆಯಲ್ಲಿ ಎರಡನೇ ಅಧ್ಯಾಯ ದಾಟದ ಯಂತ್ರ ಅವನ ಮನೆಯಲ್ಲಿ ಡಾಕ್ಟರೇಟ್ ಮಾಡಿತ್ತು. ಈಗ ಯಾರ ಮೇಲೆ ಹೊಟ್ಟೆಕಿಚ್ಚುಪಡುವುದು, ಅವನ ಮೇಲೋ ಟೈಪ್‌ರೈಟರಿನ ಮೇಲೋ ತಿಳಿಯಲಿಲ್ಲ. ಆದರೂ ಸಂಶಯದ ಸ್ವಭಾವ ಬಿಡದು. ಇದೂ ನನ್ನ ನೆನಪಿನ ಆಟವಿರಬಹುದೆಂದು ಕನ್ನಡಕ ಒರೆಸಿಕೊಂಡು ಕೂತು, ಇಂಗ್ಲಿಷಿನ ರಾಗಿ, ವಿಲೇಜ್, ಗೌಡ, ಬಾರ್ಗೇನಿಂಗ್ ಎಲ್ಲದರ ಮೇಲೂ ಬೆರಳಿಟ್ಟು ಕೊನೆಯ ಪುಟದವರೆಗೆ ನೋಡಿದೆ. ಒಂದು ‘ಜಿ’ಯೂ ಸಾಲಿನಲ್ಲಿ ಕೂತಿರಲಿಲ್ಲ.